ಇಬ್ಬರೇ ಕುಮಾರಪರ್ವತ ಹತ್ತುವವರಿಗೆ

ಒಟ್ಟಿಗೆ ಬೆಟ್ಟ ಹತ್ತಲು ಹೋದ ಗೆಳೆಯರಿಬ್ಬರು ಇಳಿದು ಬಂದ ಮೇಲೆ ವಾರಗಟ್ಟಲೆ ಮಾತು ಬಿಡುವುದು ಚಾರಣಿಗರ ನಡುವೆ ಅಪರೂಪವೇನಲ್ಲ. ಕಾರಣ ಕೇಳಿ ನೋಡಿ. ‘ಅವನು ನನ್ನ ಬಿಟ್ಟು ಮುಂದೆ ಹೋದ.’ ‘ಇವನು ಹೆಜ್ಜೆಗೊಮ್ಮೆ ಕೂರುತ್ತಿದ್ದ.’ ‘ನೀರೆಲ್ಲ ಅವನ ಚೀಲದಲ್ಲೇ ಇತ್ತು.’ ಮನೆಯಲ್ಲಿ ಕೂತು ಕೇಳಿದರೆ ಕ್ಷುಲ್ಲಕ ಅನ್ನಿಸುವ ದೂರುಗಳು. ಆದರೆ ನೆತ್ತಿ ಸುಡುವ ಹೊತ್ತಿನಲ್ಲಿ, ಮರದ ನೆರಳಿಲ್ಲದ ಏರಿನ ಮೇಲೆ, ಇವೇ ಅಪಾಯಕ್ಕೆ ದಾರಿಯಾಗುತ್ತವೆ. ಹತ್ತು ಜನರ ತಂಡದಲ್ಲಿ ಒಬ್ಬರು ಕುಸಿದರೆ ಪಕ್ಕದಲ್ಲಿ ಕೂರಲು ಒಬ್ಬರಿರುತ್ತಾರೆ, ಸಹಾಯ ಕರೆತರಲು ಇಬ್ಬರಿರುತ್ತಾರೆ. ಇಬ್ಬರೇ ಇದ್ದರೆ ಎರಡೂ ಕೆಲಸ ಒಬ್ಬರದ್ದೇ. ಆದ್ದರಿಂದ ಇಬ್ಬರೇ ಹೊರಡುವವರು ದೊಡ್ಡ ತಂಡಕ್ಕಿಂತ ಹೆಚ್ಚು ತಯಾರಿ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಆಗುವುದು ಇದಕ್ಕೆ ಉಲ್ಟಾ. ಶುಕ್ರವಾರ ಸಂಜೆ ಫೋನಿನಲ್ಲಿ ‘ಹೋಗೋಣ್ವಾ?’, ರಾತ್ರಿ ಬಸ್ಸು, ಬೆಳಿಗ್ಗೆ ಕುಕ್ಕೆ.

ಬೆಟ್ಟದ ಬಗ್ಗೆ ನಾಲ್ಕು ಮಾತು. ಕುಮಾರಪರ್ವತ ಅಥವಾ ಪುಷ್ಪಗಿರಿಯ ಎತ್ತರ 1712 ಮೀಟರ್. ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಅಂಚಿನಲ್ಲಿ, ಪುಷ್ಪಗಿರಿ ವನ್ಯಜೀವಿಧಾಮದೊಳಗೆ ಇದೆ; ಕೆಳಗೆ ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಆಯುಧ ತೊಳೆದ ನೀರೆಂದು ಸ್ಥಳಪುರಾಣ ಹೇಳುವ ಕುಮಾರಧಾರೆ ಇದೇ ಬೆಟ್ಟದ ಮಗಳು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತಾಳೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಪುಷ್ಪಗಿರಿಯೂ ಒಂದು.

ಎತ್ತರದ ಅಂಕಿ ನೋಡಿ ಮೋಸಹೋಗಬೇಡಿ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಇದಕ್ಕಿಂತ ಇನ್ನೂರು ಮೀಟರ್ ಹೆಚ್ಚಿದ್ದರೂ ಅಲ್ಲಿ ತುದಿಯ ಹತ್ತಿರದವರೆಗೆ ರಸ್ತೆಯಿದೆ. ಕುಕ್ಕೆಯೋ ಘಟ್ಟದ ಬುಡದ ಊರು. ಅಲ್ಲಿಂದ ಹೊರಟವರು ಸುಮಾರು 13 ಕಿಲೋಮೀಟರ್ ದಾರಿಯಲ್ಲಿ ಸಾವಿರದ ಐನೂರು ಮೀಟರಿಗೂ ಹೆಚ್ಚು ಮೇಲೇರಬೇಕು, ಅಷ್ಟನ್ನೂ ಇಳಿಯಬೇಕು. ಕರ್ನಾಟಕದ ಕಠಿಣ ಚಾರಣಗಳ ಮಾತು ಬಂದಾಗಲೆಲ್ಲ ಇದರ ಹೆಸರು ಬರುವುದು ಅದಕ್ಕೇ.

ಜೋಡಿ ಮುರಿಯುವುದು ಎಲ್ಲಿ?

ಇಬ್ಬರ ನಡಿಗೆಯ ವೇಗ ಒಂದೇ ಇರುವುದು ತೀರಾ ಅಪರೂಪ. ಬೇಗ ನಡೆಯುವವರು ನೂರು ಹೆಜ್ಜೆ ಮುಂದೆ ಹೋಗಿ, ಒಂದು ಬಂಡೆಯ ಮೇಲೆ ಕೂತು, ನೀರು ಕುಡಿದು, ಎರಡು ಫೋಟೋ ತೆಗೆದು ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂಡೆಯ ಬಳಿ ಬಂದು ಮುಟ್ಟುತ್ತಾರೆ. ಅಷ್ಟರಲ್ಲಿ ಮುಂದಿನವರು ‘ಬಂದ್ಯಾ? ಸರಿ, ಹೊರಡೋಣ’ ಎಂದು ಎದ್ದು ನಿಲ್ಲುತ್ತಾರೆ. ಲೆಕ್ಕ ಹಾಕಿ ನೋಡಿ: ದಣಿಯದವರಿಗೆ ಹತ್ತು ನಿಮಿಷ ವಿಶ್ರಾಂತಿ ಸಿಕ್ಕಿತು, ದಣಿದವರಿಗೆ ಒಂದು ನಿಮಿಷವೂ ಸಿಗಲಿಲ್ಲ. ಇದು ಐದಾರು ಸಲ ಆದರೆ ಇಬ್ಬರ ನಡುವಿನ ಅಂತರ ಕಡಿಮೆಯಾಗುವ ಬದಲು ಹೆಚ್ಚುತ್ತ ಹೋಗುತ್ತದೆ. ಹಿಂದಿನವರು ನಾಚಿಕೆಯಿಂದ ತಮ್ಮ ಶಕ್ತಿ ಮೀರಿ ನಡೆಯುತ್ತಾರೆ. ಮುಂದಿನವರು ಬೇಸರದಿಂದ ಇನ್ನೂ ಮುಂದೆ ಹೋಗುತ್ತಾರೆ. ಕುಕ್ಕೆ ದಾರಿಯ ನಡುವೆ ಸಿಗುವ ಗಿರಿಗದ್ದೆ ದಾಟುವ ಹೊತ್ತಿಗೆ ಒಬ್ಬರಿಗೊಬ್ಬರು ಕಾಣಿಸುತ್ತಿರುವುದಿಲ್ಲ.

ನಿಧಾನದವರ ದೇಹದೊಳಗೆ ಏನಾಗುತ್ತದೆ ಎನ್ನುವುದೂ ಗೊತ್ತಿರಲಿ. ಉಸಿರು ಸಿಕ್ಕದಷ್ಟು ವೇಗದಲ್ಲಿ ಹತ್ತಿದಾಗ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನು ಬಹಳ ಬೇಗ ಖರ್ಚು ಮಾಡುತ್ತವೆ. ಮಾತಾಡುತ್ತ ನಡೆಯಬಲ್ಲ ವೇಗದಲ್ಲಾದರೆ ಕೊಬ್ಬಿನಿಂದಲೂ ಸಾಕಷ್ಟು ಶಕ್ತಿ ಬರುತ್ತದೆ, ಇಡೀ ದಿನ ಬಾಳುತ್ತದೆ. ಇದಕ್ಕೆ ಯಾವ ಕೈಗಡಿಯಾರದ ಯಂತ್ರವೂ ಬೇಡ. ಪೂರ್ತಿ ಒಂದು ವಾಕ್ಯ ನಿಲ್ಲಿಸದೆ ಹೇಳಲು ಆಗುತ್ತಿದೆಯೇ? ವೇಗ ಸರಿ. ಎರಡು ಪದಕ್ಕೊಮ್ಮೆ ಉಸಿರೆಳೆಯಬೇಕೇ? ಹೆಚ್ಚಾಯಿತು.

ಇಷ್ಟು ಅರ್ಥವಾದರೆ ಮುಂದಿನ ಕ್ರಮಗಳು ಯಾಕೆ ಹಾಗಿವೆ ಎಂಬುದು ತಾನಾಗಿ ತಿಳಿಯುತ್ತದೆ.

ಹೊರಡುವ ಮೊದಲು

1. ಅನುಮತಿ. ಇದು ವನ್ಯಜೀವಿಧಾಮ; ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಹೋಗಿ ಚೆಕ್‌ಪೋಸ್ಟಿನಲ್ಲಿ ವಾದ ಮಾಡುವುದು ವ್ಯರ್ಥ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಜಾತ್ರೆಯಂತೆ ಜನ ನುಗ್ಗಿದ ವಿಡಿಯೋಗಳನ್ನು ನೀವೂ ನೋಡಿರಬಹುದು. ನಿಯಮ ಬಿಗಿಯಾದದ್ದು ಅದರ ನಂತರ. ಮಳೆಗಾಲದಲ್ಲಿ ಜಾರುವ ಬಂಡೆಗಳ ಕಾರಣಕ್ಕೆ, ಕಡುಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ತಿಂಗಳು, ಪ್ರವೇಶದ ಹೊತ್ತು, ಶುಲ್ಕ ಎಲ್ಲವೂ ಆಗಾಗ ಬದಲಾಗುವುದರಿಂದ ಹೋದ ವರ್ಷ ಹೋಗಿಬಂದವರ ಮಾತು ನೆಚ್ಚಬೇಡಿ, ಹೊರಡುವ ವಾರವೇ ನೋಡಿಕೊಳ್ಳಿ. ವನ್ಯಜೀವಿಧಾಮದೊಳಗೆ ಟೆಂಟು ಹಾಕಿ ಮಲಗುವಂತಿಲ್ಲ.

2. ದಾರಿಯ ಆಯ್ಕೆ. ಕುಕ್ಕೆಯ ದಾರಿ ಹೆಸರುವಾಸಿ, ಆದರೆ ಉದ್ದ. ಸೋಮವಾರಪೇಟೆ ಕಡೆಯ ಬೀದಳ್ಳಿ, ಹೆಗ್ಗಡಮನೆಯ ದಾರಿ ಸುಮಾರು 7 ಕಿಲೋಮೀಟರ್. ಹೊರಡುವ ಜಾಗವೇ ಎತ್ತರದಲ್ಲಿರುವುದರಿಂದ ಏರಬೇಕಾದದ್ದು ಕಡಿಮೆ. ಕೊನೆಯ ಬಂಡೆಗಳು ಮಾತ್ರ ಕಡಿದು. ಇಬ್ಬರಲ್ಲಿ ಒಬ್ಬರಿಗಾದರೂ ಇದು ಮೊದಲ ದೊಡ್ಡ ಬೆಟ್ಟವಾಗಿದ್ದರೆ ಬೀದಳ್ಳಿ ಕಡೆಯಿಂದ ಹೋಗಿ ಬನ್ನಿ ಎಂದೇ ನನ್ನ ಸಲಹೆ. ‘ಕುಕ್ಕೆಯಿಂದ ಹತ್ತಿದರೇ ಹತ್ತಿದ ಹಾಗೆ’ ಎನ್ನುವವರ ಮಂಡಿ ನಿಮ್ಮದಲ್ಲವಲ್ಲ.

3. ಒಂದು ತಿಂಗಳ ಅಭ್ಯಾಸ. ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ, ಅದಕ್ಕಿಂತ ಮುಖ್ಯವಾಗಿ ಇಳಿಯಿರಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು. ಸ್ನಾಯುವಿನ ಎಳೆಗಳು ಹೆಚ್ಚು ಪೆಟ್ಟು ತಿನ್ನುವುದು ಈ ಕೆಲಸದಲ್ಲೇ. ಸಮತಟ್ಟಾದ ಪಾರ್ಕಿನಲ್ಲಿ ದಿನಾ ಓಡುವವರಿಗೂ ಇಲ್ಲಿ ಕಾಲು ನಡುಗುವುದು ಇದರಿಂದಲೇ. ಒಂದು ಭಾನುವಾರವಾದರೂ ಇಬ್ಬರೂ ಸೇರಿ, ಚೀಲ ಹೊತ್ತು, ಸಾವನದುರ್ಗ, ಶಿವಗಂಗೆ ಯಾವುದಾದರೂ ಬೆಟ್ಟಕ್ಕೆ ಹೋಗಿ ಬನ್ನಿ. ಯಾರು ಬೇಗ, ಯಾರು ನಿಧಾನ ಎಂಬುದು ಅಲ್ಲೇ ಗೊತ್ತಾಗಿಬಿಡಲಿ.

4. ಮೂರನೆಯವರೊಬ್ಬರು. ಬೆಟ್ಟಕ್ಕೆ ಬರದ, ಊರಿನಲ್ಲೇ ಇರುವ ಒಬ್ಬರಿಗೆ ಬರೆದು ಕೊಡಿ: ಯಾವ ದಾರಿ, ಎಷ್ಟು ಹೊತ್ತಿಗೆ ಹೊರಡುತ್ತೇವೆ, ಎಷ್ಟು ಹೊತ್ತಿಗೆ ಇಳಿಯುತ್ತೇವೆ, ಎಷ್ಟು ಗಂಟೆಯವರೆಗೆ ಫೋನ್ ಬರದಿದ್ದರೆ 112ಕ್ಕೆ ಮತ್ತು ಅರಣ್ಯ ಇಲಾಖೆಗೆ ತಿಳಿಸಬೇಕು. ದಾರಿಯ ಬಹುಭಾಗದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಸಿಗ್ನಲ್ ಹುಡುಕುತ್ತಲೇ ಫೋನಿನ ಬ್ಯಾಟರಿ ಕರಗುತ್ತದೆ, ಏರೋಪ್ಲೇನ್ ಮೋಡಿನಲ್ಲಿಡಿ.

ಹಿಂತಿರುಗುವ ಹೊತ್ತು: ಇದನ್ನು ಕೆಳಗೇ ತೀರ್ಮಾನಿಸಿ

ತುದಿ ಕಣ್ಣಿಗೆ ಬಿದ್ದ ಮೇಲೆ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ. ‘ಇನ್ನರ್ಧ ಗಂಟೆ’ ಎನ್ನುವವರೇ ಗೆಲ್ಲುತ್ತಾರೆ. ಆದ್ದರಿಂದ ತುದಿ ಮುಟ್ಟಿದರೂ ಮುಟ್ಟದಿದ್ದರೂ ಹಿಂತಿರುಗುವ ಒಂದು ಗಂಟೆಯನ್ನು ಬೆಟ್ಟದ ಬುಡದಲ್ಲಿ, ತಲೆ ತಣ್ಣಗಿರುವಾಗ, ಗೊತ್ತು ಮಾಡಿಕೊಳ್ಳಿ.

ಲೆಕ್ಕ ಹೀಗೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು, ಇಂದಿಗೂ ಬಳಕೆಯಲ್ಲಿದೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ 13 ಕಿಲೋಮೀಟರಿಗೆ ಎರಡೂವರೆ ಗಂಟೆಯ ಮೇಲೆ, 1500 ಮೀಟರ್ ಏರಿಗೆ ಎರಡೂವರೆ. ಒಟ್ಟು ಐದು ಗಂಟೆ ಚಿಲ್ಲರೆ. ಆದರೆ ನೈಸ್ಮಿತ್ ಲೆಕ್ಕದಲ್ಲಿ ವಿಶ್ರಾಂತಿಯೂ ಇಲ್ಲ, ನಮ್ಮ ಕರಾವಳಿಯ ಸೆಕೆಯೂ ಇಲ್ಲ. ಚೆನ್ನಾಗಿ ಅಭ್ಯಾಸವಿದ್ದವರಿಗೇ ಆರರಿಂದ ಏಳು ಗಂಟೆ ಬೇಕು.

ಈಗ ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ದಟ್ಟ ಕಾಡಿನೊಳಗೆ ಅದಕ್ಕಿಂತ ಮೊದಲೇ ಕತ್ತಲು. ಆನೆ, ಕಾಟಿ ಓಡಾಡುವ ಕೆಳಗಿನ ಕಾಡನ್ನು ಗಿರಿಗದ್ದೆಯಿಂದ ಇಳಿಯಲು ಎರಡು, ಎರಡೂವರೆ ಗಂಟೆ. ಅಂದರೆ ಗಿರಿಗದ್ದೆಯನ್ನು ಮೂರೂವರೆಗೆ ಬಿಡಬೇಕು. ತುದಿಯಿಂದ ಗಿರಿಗದ್ದೆಗೆ ಮೂರು ಗಂಟೆ. ಹಾಗಾದರೆ ಹಿಂತಿರುಗುವ ಹೊತ್ತು ಮಧ್ಯಾಹ್ನ ಹನ್ನೆರಡೂವರೆ. ಬೆಳಿಗ್ಗೆ ಆರಕ್ಕೆ ಹೊರಟರೂ ಕೈಯಲ್ಲಿರುವುದು ಆರೂವರೆ ಗಂಟೆ ಮಾತ್ರ. ಕುಕ್ಕೆಯ ದಾರಿಯಲ್ಲಿ ಒಂದೇ ದಿನದಲ್ಲಿ ಹೋಗಿಬರುವುದು ಎಷ್ಟು ಬಿಗಿ ಎಂದು ಈ ಅಂಕಿಗಳೇ ಹೇಳುತ್ತವೆ. ಗಿರಿಗದ್ದೆಯ ಭಟ್ಟರ ಮನೆ ದಶಕಗಳಿಂದ ಚಾರಣಿಗರಿಗೆ ಊಟ ಹಾಕಿದ ಮನೆ. ನೀವು ಹೋಗುವ ಹೊತ್ತಿಗೆ ಅಲ್ಲಿ ಊಟ, ತಂಗುವ ಅವಕಾಶ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡರೆ ಎರಡು ದಿನದ ಯೋಜನೆ ಹಾಕಬಹುದು.

ಬೆಟ್ಟದ ಮೇಲೆ

1. ನಿಧಾನ ನಡೆಯುವವರು ಮುಂದೆ. ಎಲ್ಲಕ್ಕಿಂತ ಉಪಯುಕ್ತವಾದ ನಿಯಮ ಇದೇ. ಮುಂದಿರುವವರ ಹೆಜ್ಜೆಯೇ ಇಬ್ಬರ ವೇಗ. ಬೇಗ ನಡೆಯುವವರಿಗೆ ಮೊದಲ ಗಂಟೆ ಕಿರಿಕಿರಿಯಾಗುತ್ತದೆ. ಸಹಿಸಿಕೊಳ್ಳಿ, ಉಳಿಸಿದ ಶಕ್ತಿ ತುದಿಗಿಂತ ಮೊದಲು ಬರುವ ಶೇಷಪರ್ವತದ ಏರಿನಲ್ಲಿ ಕೈಗೆ ಬರುತ್ತದೆ. ಕವಲು ದಾರಿ ಬಂದಲ್ಲಿ ಇಬ್ಬರೂ ನಿಂತು, ನೋಡಿ, ಒಪ್ಪಿ ಮುಂದುವರಿಯಿರಿ.

2. ಭಾರ ಹಂಚಿಕೆಯಲ್ಲಿ ವೇಗ ಸರಿದೂಗಿಸಿ. ಗಟ್ಟಿಗರ ಚೀಲಕ್ಕೆ ಎರಡು ಕೆಜಿ ಹೆಚ್ಚು ಹಾಕಿ: ಕ್ಯಾಮೆರಾ, ಔಷಧಿ ಪೆಟ್ಟಿಗೆ, ಮಧ್ಯಾಹ್ನದ ಬುತ್ತಿ. ಇದು ಉಪಕಾರವಲ್ಲ, ಜೋಡಿಯ ವೇಗವನ್ನು ಹತ್ತಿರ ತರುವ ಸುಲಭ ಉಪಾಯ. ಆದರೆ ನೀರು, ಟಾರ್ಚು, ಸೀಟಿ, ಮಳೆಯಂಗಿ ಮತ್ತು ಒಂದು ಹೊತ್ತಿನ ತಿಂಡಿ ಪ್ರತಿಯೊಬ್ಬರ ಚೀಲದಲ್ಲೂ ಪ್ರತ್ಯೇಕವಾಗಿ ಇರಲೇಬೇಕು. ದಾರಿ ತಪ್ಪಿ ಬೇರೆಯಾದ ಗಳಿಗೆಯಲ್ಲಿ ಒಬ್ಬರ ಬಳಿ ಬರೀ ನೀರು, ಇನ್ನೊಬ್ಬರ ಬಳಿ ಬರೀ ಚಪಾತಿ ಇದ್ದರೆ ಇಬ್ಬರ ಪಾಡೂ ಕಷ್ಟ.

3. ವಿಶ್ರಾಂತಿ ಗಡಿಯಾರ ನೋಡಿ. ಸುಸ್ತಾದಾಗ ಕೂರುವುದಲ್ಲ; ಮುಕ್ಕಾಲು ಗಂಟೆ ನಡಿಗೆ, ಐದಾರು ನಿಮಿಷ ವಿಶ್ರಾಂತಿ, ಇಬ್ಬರೂ ಒಟ್ಟಿಗೆ. ಹೀಗೆ ಮಾಡಿದರೆ ‘ನಾನು ನಿಲ್ಲಿಸಿದೆ’ ಎಂಬ ಸಂಕೋಚ ಯಾರಿಗೂ ಇರುವುದಿಲ್ಲ. ಪ್ರತಿ ವಿಶ್ರಾಂತಿಯಲ್ಲೂ ಬಾಯಿಗೆ ಏನಾದರೂ ಹಾಕಿಕೊಳ್ಳಿ: ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು, ಹುರಿಗಡಲೆ, ಖರ್ಜೂರ. ಹಸಿವಾದ ಮೇಲೆ ತಿಂದರೆ ತಡವಾಯಿತೆಂದೇ ಅರ್ಥ.

4. ನೀರಿನ ಲೆಕ್ಕ. ತಲಾ ಮೂರು ಲೀಟರಿಗೆ ಕಡಿಮೆ ಬೇಡ. ಗಿರಿಗದ್ದೆಯಲ್ಲೂ ಅದರ ಮೇಲಿನ ಕಲ್ಲುಮಂಟಪದ ಆಸುಪಾಸಿನಲ್ಲೂ ನೀರು ಸಿಗುವುದುಂಟು. ಜನವರಿ ಕಳೆದ ಮೇಲೆ ಕಲ್ಲುಮಂಟಪದ ತೊರೆಯನ್ನು ನಂಬಬೇಡಿ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರು ಕುಡಿಯುತ್ತಲೇ ಇದ್ದರೆ ತಲೆನೋವು, ವಾಕರಿಕೆ ಬರಬಹುದು. ಓಆರ್‌ಎಸ್ ಜೊತೆಗಿರಲಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ; ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಬೆರೆಸಿ.

5. ಇಬ್ಬರಿಗೂ ‘ಬೇಡ’ ಎನ್ನುವ ಅಧಿಕಾರ. ಇಬ್ಬರಲ್ಲಿ ಬಹುಮತ ಎಂಬುದೇ ಇಲ್ಲ. ಒಬ್ಬರು ‘ವಾಪಸು ಹೋಗೋಣ’ ಎಂದರೆ ಚರ್ಚೆಯಿಲ್ಲದೆ ಇಬ್ಬರೂ ಇಳಿಯುವುದು. ‘ನೀನಿಲ್ಲೇ ಕೂತಿರು, ನಾನು ಮುಟ್ಟಿ ಬರ್ತೀನಿ’ ಎಂಬ ಒಪ್ಪಂದವಂತೂ ಬೇಡವೇ ಬೇಡ. ಮಂಜು ಕವಿದರೆ ಇಪ್ಪತ್ತು ಹೆಜ್ಜೆ ದೂರದ ಬಂಡೆಯೂ ಕಾಣದ ಜಾಗ ಅದು.

6. ಜೊತೆಗಾರರ ಮೇಲೆ ಕಣ್ಣಿಡಿ. ದಣಿವು ಮಾತಿನಲ್ಲಿ ಮೊದಲು ತಿಳಿಯುತ್ತದೆ. ಬೆಳಿಗ್ಗೆಯಿಂದ ಹರಟುತ್ತಿದ್ದವರು ಬರೀ ‘ಹೂಂ’ ಎನ್ನತೊಡಗಿದರೆ, ತಿಂಡಿ ಬೇಡವೆಂದರೆ, ಸುಮ್ಮಸುಮ್ಮನೆ ಎಡವಿದರೆ ಕೂರಿಸಿ. ನೆರಳು, ನೀರು, ಸಿಹಿ. ಅಸಂಬದ್ಧ ಮಾತು, ಸುಡುವ ಮೈ ಇದ್ದರೆ ಅದು ಬಿಸಿಲಾಘಾತ ಇರಬಹುದು. ನೆರಳಿಗೆ ಒಯ್ದು, ಮೈ ಒದ್ದೆ ಮಾಡಿ, ಗಾಳಿ ಹಾಕುತ್ತ ಸಹಾಯ ಕರೆಯಬೇಕು. ಆ ಸ್ಥಿತಿಯಲ್ಲಿ ಬಲವಂತವಾಗಿ ನೀರು ಕುಡಿಸಬೇಡಿ.

ಸಾಮಾನ್ಯ ತಪ್ಪುಗಳು

ಶೇಷಪರ್ವತವನ್ನೇ ತುದಿ ಎಂದುಕೊಳ್ಳುವುದು. ಗಿರಿಗದ್ದೆಯಿಂದ ಹುಲ್ಲುಗುಡ್ಡಗಳ ಮೇಲೆ ಬಿಸಿಲಲ್ಲಿ ಬೆಂದು ಕಲ್ಲುಮಂಟಪ ದಾಟಿ, ಕೊನೆಯ ಏರು ಎಂದುಕೊಂಡು ಸರ್ವಶಕ್ತಿಯನ್ನೂ ಸುರಿದು ಹತ್ತುತ್ತಾರೆ. ಹತ್ತಿದ ಮೇಲೆ ತಿಳಿಯುತ್ತದೆ, ಇದು ಶೇಷಪರ್ವತ. ಕುಮಾರಪರ್ವತ ಇನ್ನೂ ಆಚೆ. ಶೋಲಾ ಕಾಡಿನೊಳಗೆ ಇಳಿದು ಮತ್ತೆ ಬಂಡೆ ಹತ್ತಬೇಕು. ಅನೇಕರ ಮನಸ್ಸು ಮುರಿಯುವುದು ಇಲ್ಲೇ. ಮೊದಲೇ ಗೊತ್ತಿದ್ದವರು ಇಲ್ಲಿ ಹತ್ತು ನಿಮಿಷ ಕೂತು, ತಿಂದು, ಗಡಿಯಾರ ನೋಡಿ ತೀರ್ಮಾನಿಸುತ್ತಾರೆ.

ನಿದ್ದೆಗೆಟ್ಟು ಹೊರಡುವುದು. ಘಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ಯಾರಿಗೆ ನಿದ್ದೆ ಬಂದೀತು? ಇಡೀ ರಾತ್ರಿ ತೂಕಡಿಸಿ ಬೆಳಿಗ್ಗೆ ಬೆಟ್ಟ ಏರುವ ಬದಲು ಹಿಂದಿನ ದಿನವೇ ಕುಕ್ಕೆ ಸೇರಿ, ಮಲಗಿ ಏಳಿ. ಚಂಪಾಷಷ್ಠಿಯ ಆಸುಪಾಸಿನಲ್ಲಿ ಕೋಣೆ ಸಿಗುವುದು ಕಷ್ಟ, ಆ ದಿನಗಳನ್ನು ಬಿಟ್ಟುಬಿಡಿ.

ಹೊಸ ಶೂ, ಜೀನ್ಸು ಪ್ಯಾಂಟು. ಶೂ ಕನಿಷ್ಠ ಮೂರು ವಾರ ಹಳತಾಗಿರಲಿ. ಜೀನ್ಸು ಬೆವರಿಗೆ ಒದ್ದೆಯಾಗಿ ತೊಡೆ ಉಜ್ಜುತ್ತದೆ. ಉಗುರು ಕತ್ತರಿಸಿಕೊಳ್ಳಿ, ಇಲ್ಲವಾದರೆ ಇಳಿಯುವಾಗ ಶೂವಿನ ಮೂತಿಗೆ ಬಡಿದು ಕಪ್ಪಾಗುತ್ತವೆ.

ಇಂಬಳಕ್ಕೆ ಹೆದರಿ ಕಿತ್ತೆಸೆಯುವುದು. ಮಳೆ ನಿಂತ ಹೊಸದರಲ್ಲಿ ಇಂಬಳ ವಿಪರೀತ. ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದರ ಜೊಲ್ಲು ತಡೆಯುವುದರಿಂದ ಸುರಿಯುತ್ತಲೇ ಇರುತ್ತದೆ, ಗಾಬರಿ ಬೇಡ. ಉಗುರಿನಿಂದ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿ, ತೊಳೆದು, ಒತ್ತಿ ಹಿಡಿಯಿರಿ.

ಎಚ್ಚರಿಕೆ: ಒಬ್ಬರಿಗೆ ಪೆಟ್ಟಾದರೆ

ಕಾಲು ಉಳುಕಿದರೆ ಶೂ ಬಿಚ್ಚಬೇಡಿ. ಊತ ಏರಿದರೆ ಮತ್ತೆ ಹಾಕಲಾಗುವುದಿಲ್ಲ. ಶೂವಿನ ಮೇಲೆಯೇ ಬಟ್ಟೆ ಸುತ್ತಿ, ಕೋಲು ಕೊಟ್ಟು, ಗಾಯಗೊಂಡವರ ಚೀಲವನ್ನು ಇನ್ನೊಬ್ಬರು ಹೊತ್ತು ಆಗಲೇ ಇಳಿಯತೊಡಗಿ. ಭಾರ ಊರಲು ಸಾಧ್ಯವೇ ಇಲ್ಲವೆಂದಾದರೆ ನಿಲ್ಲಿ. ಒಂದು ನಿಮಿಷದಲ್ಲಿ ಆರು ಸಲ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು: ಇದು ಪರ್ವತಾರೋಹಿಗಳು ಬಳಸುವ ಅಪಾಯದ ಸೂಚನೆ. ಮೂರು ಸಲ ಸೀಟಿ ಕೇಳಿಬಂದರೆ ಅದು ಉತ್ತರ. ರಜಾದಿನಗಳಲ್ಲಿ ಬೇರೆ ಚಾರಣಿಗರು ಬಂದೇ ಬರುತ್ತಾರೆ, ಅವರ ಕೈಯಲ್ಲಿ ಚೆಕ್‌ಪೋಸ್ಟಿಗೆ ಚೀಟಿ ಕಳಿಸಿ. ಯಾರೂ ಬಾರದ ದಿನ ಬಿಟ್ಟು ಹೋಗಲೇಬೇಕಾದರೆ ಗಾಯಾಳುವನ್ನು ದಾರಿಯ ಪಕ್ಕದಲ್ಲೇ ನೆರಳಿನಲ್ಲಿ ಕೂರಿಸಿ, ನೀರು, ಬೆಚ್ಚನೆಯ ಬಟ್ಟೆ, ಟಾರ್ಚು, ಸೀಟಿ ಕೊಟ್ಟು, ಎಷ್ಟು ಗಂಟೆಗೆ ಎಲ್ಲಿ ಬಿಟ್ಟಿದ್ದೀರಿ ಎಂದು ಬರೆದುಕೊಂಡು ಹೋಗಿ. ‘ನಾನು ಬರುವವರೆಗೆ ಏಳಬೇಡ’ ಎಂದು ಮಾತು ತೆಗೆದುಕೊಳ್ಳಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗವನ್ನು ಅಲುಗಾಡದಂತೆ ಇಟ್ಟು, ಆದಷ್ಟು ಬೇಗ ಪ್ರತಿವಿಷ ಇರುವ ಆಸ್ಪತ್ರೆ ಸೇರಬೇಕು.

ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಗುಡುಗು ಸಹಿತ ಮಳೆ ಸಾಮಾನ್ಯ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದರ್ಥ. ಬೋಳು ನೆತ್ತಿಯ ಮೇಲೆ, ಒಂಟಿ ಮರದ ಕೆಳಗೆ ನಿಲ್ಲದೆ ತಗ್ಗಿಗೆ ಇಳಿಯಿರಿ, ಇಬ್ಬರೂ ಒಂದಷ್ಟು ಅಂತರ ಬಿಟ್ಟು. ಸಹಾಯ ತರಲು ಹೋಗುವುದನ್ನು ಬಿಟ್ಟರೆ ಇಬ್ಬರೂ ದೂರ ಇರಬೇಕಾದ ಒಂದೇ ಸಂದರ್ಭ ಇದು.

ಇಳಿದ ಮೇಲೆ

ಅದೇ ರಾತ್ರಿಯ ಬಸ್ಸಿಗೆ ಟಿಕೆಟ್ ಕಾದಿರಿಸಬೇಡಿ. ‘ಒಂಬತ್ತಕ್ಕೆ ಬಸ್ಸು’ ಎಂಬ ಅವಸರಕ್ಕೆ ಬಿದ್ದವರು ಇಳಿಜಾರಿನಲ್ಲಿ ಓಡುತ್ತಾರೆ. ಸೋತ ತೊಡೆಗಳಿಗೆ ತಡೆಯುವ ಶಕ್ತಿ ಉಳಿದಿರುವುದಿಲ್ಲ, ಭಾರವೆಲ್ಲ ಮಂಡಿಯ ಮೇಲೆ. ಕೋಲು ಎರಡಿದ್ದರೆ ಒಳ್ಳೆಯದು, ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಇಳಿಯುವಾಗಲೂ ನಿಧಾನದವರೇ ಮುಂದೆ. ಏರುವಾಗ ಬೇಗ ಹತ್ತಿದವರೇ ಇಳಿಯುವಾಗ ನಿಧಾನವಾಗುವುದೂ ಉಂಟು, ಆಗ ಜಾಗ ಬದಲಿಸಿಕೊಳ್ಳಿ. ಕುಕ್ಕೆ ಸೇರಿದೊಡನೆ ಊರಿನಲ್ಲಿ ಕಾಯುತ್ತಿರುವ ಆ ಮೂರನೆಯವರಿಗೆ ಫೋನ್ ಮಾಡಿ, ಕಾಫಿ ಆಮೇಲೆ.

ಕಾಲು ನೋವು ಉಲ್ಬಣಿಸುವುದು ಮರುದಿನಕ್ಕಿಂತ ಅದರ ಮರುದಿನ. ಭಾನುವಾರ ಇಳಿದವರಿಗೆ ಸೋಮವಾರ ಪರವಾಗಿಲ್ಲ ಅನ್ನಿಸಬಹುದು. ರಜೆ ಒಂದೇ ಸಿಗುವುದಾದರೆ ಮಂಗಳವಾರಕ್ಕೆ ಹಾಕಿ.